ಕೋಣ ಓಡಿತು, ಚಿತ್ರ ಮಸುಕಾಯಿತು

ಮಕ್ಕಳಿಗೆ ಫೋಟೋ ತೆಗೆಯುವ ಹುಚ್ಚು ಹಿಡಿದರೆ ಹೆತ್ತವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಯಾವ ಕ್ಯಾಮೆರಾ ಕೊಡಿಸೋಣ?’ ಎಂಬುದು. ಕಾಲೇಜು ಹುಡುಗನೊಬ್ಬ ಕಂಬಳದಲ್ಲಿ ಮುಸ್ಸಂಜೆ ತೆಗೆದ ನೂರಾರು ಚಿತ್ರಗಳನ್ನು ತಂದು ತೋರಿಸಿದ. ಒಂದರಲ್ಲೂ ಕೋಣಕ್ಕೆ ಮುಖವಿಲ್ಲ! ಜೊತೆಗೆ ಬಂದಿದ್ದ ತಂದೆ ಸಾಲ ಮಾಡಿಯಾದರೂ ದುಬಾರಿ ಕ್ಯಾಮೆರಾ ಕೊಡಿಸುವ ಯೋಚನೆಯಲ್ಲಿದ್ದರು. ಚಿತ್ರಗಳೆಲ್ಲ ‘ಆಟೋ’ದಲ್ಲಿ ತೆಗೆದವು, ಷಟರ್ ವೇಗ 1/60 ಸೆಕೆಂಡ್. ಸಾಲ ಬೇಡವೆಂದೆ. ಒಂದು ಸಣ್ಣ ಲೆಕ್ಕ ಸಾಕಿತ್ತು.

2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ಷಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಕೋಣ ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಷ್ಟುದ್ದ ಎಳೆದ ಮುಖ ಮುಖವಾಗಿ ಉಳಿದೀತೇ? 1/1000ರಲ್ಲಾದರೆ ಅದು ಸರಿಯುವುದು ಒಂದೇ ಸೆಂಟಿಮೀಟರ್. ಎಂಥ ಬೆಲೆಬಾಳುವ ಕ್ಯಾಮೆರಾಕ್ಕೂ ಈ ಗಣಿತ ತಪ್ಪಿದ್ದಲ್ಲ.

ಹಾಗಾದರೆ ಸದಾ 1/1000 ಇಟ್ಟರಾಯಿತಲ್ಲ ಎನ್ನಬೇಡಿ. ಬೆಳಕೂ ಸಾಕಷ್ಟು ಬೇಕು. ಕೊಡಕ್ಕೆ ನಲ್ಲಿಯಿಂದ ನೀರು ಹಿಡಿದಂತೆ ಇದು. ಬೇಗ ನಿಲ್ಲಿಸಬೇಕೆಂದರೆ ನಲ್ಲಿಯನ್ನು ದೊಡ್ಡದಾಗಿ ತಿರುಗಿಸಬೇಕು. ಕ್ಯಾಮೆರಾದಲ್ಲಿ ಆ ತಿರುಗಣೆಯೇ ಅಪರ್ಚರ್. ಬಿರುಬಿಸಿಲಿನಲ್ಲಿ ಐಎಸ್‌ಒ 100 ಇಟ್ಟರೆ ಎಫ್/16ರಲ್ಲಿ 1/125 ಸೆಕೆಂಡ್ ಸರಿಸುಮಾರು ಹೊಂದುತ್ತದೆ ಎಂಬುದು ಫಿಲಂ ಕಾಲದ ಹಳೆಯ ಸೂತ್ರ. ಅಲ್ಲಿಂದ 1/1000ಕ್ಕೆ ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಅದನ್ನು ತುಂಬಲು ಅಪರ್ಚರನ್ನು ಎಫ್/11, ಎಫ್/8, ಎಫ್/5.6 ಎಂದು ಮೂರು ಮೆಟ್ಟಿಲು ಅಗಲಿಸಬೇಕು. (ಅಂಕಿ ಕಿರಿದಾದಷ್ಟೂ ಕಂಡಿ ಹಿರಿದು. ಈ ತಲೆಕೆಳಗು ವ್ಯವಹಾರಕ್ಕೆ ಒಗ್ಗಿಕೊಳ್ಳಲು ಎಲ್ಲರಿಗೂ ಒಂದು ವಾರ ಹಿಡಿಯುತ್ತದೆ.)

ಕತ್ತಲಾದ ಮೇಲೆ ಕಷ್ಟ. ಲೆನ್ಸ್ ಇನ್ನಷ್ಟು ಅಗಲಿಸದು. ಆಗ ಉಳಿಯುವ ದಾರಿ ಐಎಸ್‌ಒ ಏರಿಸುವುದು, 1600, 3200 ಹೀಗೆ. ಚಿತ್ರ ರವೆ ಚೆಲ್ಲಿದಂತೆ ಕಾಳುಕಾಳಾದೀತು, ಆಗಲಿ. ನುಣ್ಣಗಿದ್ದೂ ಮಸುಕಾದ ಚಿತ್ರಕ್ಕಿಂತ ಅದೇ ವಾಸಿ.

ಎಲ್ಲವನ್ನೂ ಕಲ್ಲಿನಂತೆ ನಿಲ್ಲಿಸಬೇಕೆಂದೂ ಇಲ್ಲ. ಕನೆಹಲಗೆ ಓಟದಲ್ಲಿ ಹಲಗೆಯ ತೂತುಗಳಿಂದ ನೀರು ಎಷ್ಟೆತ್ತರ ಚಿಮ್ಮಿತು ಎಂಬುದೇ ಸ್ಪರ್ಧೆ. 1/1000ರಲ್ಲಿ ಆ ನೀರು ಮಣಿಮಣಿಯಾಗಿ ಗಾಳಿಯಲ್ಲಿ ನಿಂತರೆ, 1/60ರಲ್ಲಿ ನೂಲಿನಂತೆ ಹರಿಯುತ್ತದೆ. 1/30 ಇಟ್ಟು ಓಟದ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಗುಂಡಿ ಒತ್ತಿದರೆ ಕೋಣ ಬಹುಮಟ್ಟಿಗೆ ಸ್ಪಷ್ಟವಾಗಿದ್ದು ಹಿಂದಿನ ಜನಸಾಗರ ಗೆರೆಗೆರೆಯಾಗುತ್ತದೆ. ಹತ್ತರಲ್ಲಿ ಒಂದು ಸರಿಬಂದರೆ ಪುಣ್ಯ. ನನಗೆ ಮಾತ್ರ ಓಟದ ರಭಸ ಕಾಣುವುದು ಅದರಲ್ಲೇ. ಯಾವುದು ಬೇಕೆಂದು ‘ಆಟೋ’ಗೆ ಹೇಗೆ ಗೊತ್ತಾಗಬೇಕು?

ಕಲಿಯಲು ಕಂಬಳಕ್ಕೇ ಹೋಗಬೇಕಿಲ್ಲ. ಕ್ಯಾಮೆರಾದ ಗಾಲಿಯನ್ನು ‘ಎಸ್’ ಅಥವಾ ‘ಟಿವಿ’ ಅಕ್ಷರಕ್ಕೆ ತಿರುಗಿಸಿ. ಹಲವು ಮೊಬೈಲುಗಳ ‘ಪ್ರೊ’ ವಿಭಾಗದಲ್ಲೂ ಷಟರ್ ವೇಗ ಬದಲಿಸಬಹುದು. ಹಿತ್ತಲಿನಲ್ಲಿ ತಮ್ಮನಿಗೆ ಒಂದು ಚೊಂಬು ನೀರು ಎರಚಲು ಹೇಳಿ. 1/30ರಿಂದ 1/1000ದವರೆಗೆ ಒಂದೊಂದೇ ತೆಗೆದು, ವೇಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಕ್ಯಾಮೆರಾ ಸ್ವಲ್ಪ ದೂರವಿರಲಿ.