ಹಡಗಿನ ಊಟ, ಹುಳದ ಮನೆ

ನಾವು ಹಡಗಿನಲ್ಲಿ ಪ್ರಯಾಣ ಮಾಡಿ ಬಂದೆವೆಂಬ ಸುದ್ದಿ ತಿಳಿದ ಮೇಲೆ ಮಾಗಡಿಯ ನೆಂಟರೂ ಕನಕಪುರದ ಬೀಗರೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಊಟಕ್ಕೇನು ಮಾಡಿದಿರಿ?" ಸಮುದ್ರ ಹೇಗಿತ್ತೆಂದು ಕೇಳಿದವರು ವಿರಳ. ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಬೇರೊಂದು ಮಾತನ್ನೂ ಹೇಳಬೇಕಾಗುತ್ತದೆ. ಇಷ್ಟು ದಿನ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ, ಬಾಸ್ಟನ್ನಿನಲ್ಲಿ ಕೆಲಸದಲ್ಲಿರುವ ಮಗ ನಮ್ಮಿಬ್ಬರನ್ನೂ ಕರೆಸಿಕೊಂಡು, ಸೊಸೆ ಮೊಮ್ಮಗಳೊಡನೆ ಕೆನಡಾದ ಕಡೆಗೆ ಹೋಗಿ ಬರುವ ಹಡಗಿನಲ್ಲಿ ಒಂದು ವಾರದ ಪ್ರವಾಸ ಏರ್ಪಡಿಸಿದ್ದ. ಬೇಡವೆಂದರೂ ಕೇಳಲಿಲ್ಲ. ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಯಾವುದನ್ನೂ ಹಚ್ಚುವಂತಿಲ್ಲ. ಬಿಲ್ವಪತ್ರೆಯ ಮಾತಂತೂ ದೂರ. ಬರಿಯ ನೀರು, ವಿಭೂತಿಗಳಿಂದಲೇ ಶಿವಪೂಜೆ ಮುಗಿಸುತ್ತಿದ್ದೆವು. ಅಂಗೈಯಲ್ಲಿ ಲಿಂಗ, ಕಾಲಕೆಳಗೆ ತೂಗುವ ಕಡಲು. ಅದೊಂದು ಅನುಭವವೇ ಸರಿ.

ಊಟದ ವಿಷಯದಲ್ಲಿ ನಮ್ಮನ್ನು ಕಾಪಾಡಿದವನು ಉಡುಪಿ ಕಡೆಯ ಒಬ್ಬ ತರುಣ. ನಮ್ಮ ಮೇಜಿಗೆ ಬಡಿಸುವವನೇ ಅವನು. ಮನೆಯವರ ಹಣೆಯ ವಿಭೂತಿಯನ್ನು ಕಂಡು, "ಅಮ್ಮ, ಕನ್ನಡದವರೇ?" ಎಂದು ಕೇಳಿದ. ಆ ಒಂದು ಮಾತಿಗೆ ಇವರ ಕಣ್ಣು ತುಂಬಿತು. ಸೂಪು ತರಕಾರಿಯದಾದರೂ ಅದರ ಕಟ್ಟು ಕೋಳಿಯದೋ ಮೀನಿನದೋ ಆಗಿರಬಹುದೆಂದೂ, ಅಲುಗಾಡುವ ಬಣ್ಣಬಣ್ಣದ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ ಇರುತ್ತದೆಂದೂ ಎಚ್ಚರಿಸಿದವನು ಅವನೇ. ಹಿಂದಿನ ರಾತ್ರಿಯೇ ಹೇಳಿಟ್ಟರೆ ಅನ್ನ, ಬೇಳೆ, ಪಲ್ಯ ಬೇರೆಯಾಗಿ ಮಾಡಿಸಿ ತರುತ್ತಿದ್ದ. ಪ್ರವಾಸ ಹೊರಡುವ ಬಂಧುಗಳು ಟಿಕೆಟ್ ಕೊಳ್ಳುವಾಗಲೇ ಇದನ್ನು ಬರೆಸುವುದು ಒಳ್ಳೆಯದು. 2021ರಲ್ಲಿ ಮುಂಬಯಿಯಿಂದ ಆರಂಭವಾದ ಕಾರ್ಡೀಲಿಯಾ ಹಡಗಿನ ಸಂಚಾರದಲ್ಲಿ ಜೈನರ ಊಟವನ್ನೂ ಏರ್ಪಡಿಸಿದ್ದರು. ಕೇಳುವವರು ಇದ್ದರೆ ಎಲ್ಲವೂ ಆಗುತ್ತದೆ. ಇಳಿಯುವ ದಿನ ಆ ತರುಣನ ಮಗುವಿಗೆಂದು ಚನ್ನಪಟ್ಟಣದ ಬೊಂಬೆಯೊಂದನ್ನು ಕೊಟ್ಟು ಬಂದೆವು.

ಮೂರನೆಯ ರಾತ್ರಿ ಎಲ್ಲರೂ ಒಳ್ಳೆಯ ಉಡುಪು ತೊಟ್ಟು ಊಟಕ್ಕೆ ಬರಬೇಕೆಂಬ ಪದ್ಧತಿ. ಮನೆಯವರು ಮಗನ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟರು. ಪಕ್ಕದ ಮೇಜಿನ ಹೆಂಗಸರು ಎದ್ದು ಬಂದು ಸೆರಗನ್ನು ಮುಟ್ಟಿ ನೋಡಿದರು. ಆ ರಾತ್ರಿಯ ವಿಶೇಷವೆಂದರೆ ಲಾಬ್‌ಸ್ಟರ್. ಸಿಗಡಿ, ಏಡಿಗಳ ದಾಯಾದಿಯಾದ ದೊಡ್ಡ ಕಡಲ ಜೀವಿ ಅದು. ಕೆಂಪು ಚಿಪ್ಪನ್ನು ಸೀಳಿ, ಬಿಳಿಯ ಮಾಂಸಕ್ಕೆ ಕರಗಿಸಿದ ಬೆಣ್ಣೆ ಸುರಿದು ತಂದಿಡುತ್ತಾರೆ. ಮಹಾ ಭವನದ ತುಂಬ ಚಿಪ್ಪು ಮುರಿಯುವ ಸದ್ದು. ವಾಸನೆ ತಾಳದೆ ನಾವು ಮೊಸರನ್ನವನ್ನು ಅರ್ಧಕ್ಕೆ ಬಿಟ್ಟು ಎದ್ದೆವು. ಕೋಣೆಗೆ ಬಂದು, "ಎಂಥ ಜನ!" ಎಂದು ಮಾತಾಡಿಕೊಂಡದ್ದೂ ನಿಜ.

ಮರುದಿನ ಹಡಗು ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನೆದುರು ಲಂಗರು ಹಾಕಿತು. ಚಿಕ್ಕ ದೋಣಿಗಳಲ್ಲಿ ದಡಕ್ಕೆ ಒಯ್ದರು. ಅಲ್ಲಿಂದ ಕಾರಿನಲ್ಲಿ ಹೋಗುವಾಗ ರಸ್ತೆಯ ಬದಿಯಲ್ಲಿ ಸೌದೆಯ ಒಲೆಗಳ ಮೇಲೆ ದೊಡ್ಡ ಹಂಡೆಗಳನ್ನಿಟ್ಟು ಸಮುದ್ರದ ನೀರು ಕುದಿಸುತ್ತಿದ್ದರು. ತೊಟ್ಟಿಯಲ್ಲಿ ಜೀವಂತ ಲಾಬ್‌ಸ್ಟರ್‌ಗಳು. ಕಪ್ಪು ಹಸಿರು ಮೈ, ಮುಂದೆ ಎರಡು ಇಕ್ಕಳ. ಗಿರಾಕಿ ಬೆರಳು ತೋರಿದ್ದನ್ನು ತೂಗಿ, ಜೀವವಿರುವಂತೆಯೇ ಹಂಡೆಗೆ ಇಳಿಸುತ್ತಾರೆ. ಸತ್ತ ಮೇಲೆ ಮಾಂಸ ಬಹು ಬೇಗ ಕೆಡುವುದರಿಂದ ಹೀಗೆ. ಬೆಂದ ಮೇಲೆ ಅದೇ ಜೀವಿ ಕೆಂಪಾಗಿ ಹೊರಬರುತ್ತದೆ. ಆ ಸೀಮೆಯ ಬೆಸ್ತರಿಗೂ ನಿಯಮಗಳುಂಟು: ಬೆನ್ನಿನ ಚಿಪ್ಪು ಮೂರೂಕಾಲು ಅಂಗುಲಕ್ಕಿಂತ ಚಿಕ್ಕದಿದ್ದರೆ ಕಡಲಿಗೇ ಬಿಡಬೇಕು, ಮೊಟ್ಟೆ ಹೊತ್ತ ಹೆಣ್ಣಿನ ಬಾಲಕ್ಕೆ ಗುರುತು ಕತ್ತರಿಸಿ ಬಿಟ್ಟುಬಿಡಬೇಕು. ಮಗ ಇದನ್ನೆಲ್ಲ ವಿವರಿಸುತ್ತಿದ್ದ. ನಾವು ಮುಖ ತಿರುಗಿಸಿ, "ಶಿವ ಶಿವ, ಜೀವಸಹಿತ ಬೇಯಿಸುವುದೆ!" ಎಂದೆವು.

ಹತ್ತು ವರ್ಷದ ಮೊಮ್ಮಗಳು ನಮ್ಮ ಕೈ ಹಿಡಿದು ನಿಂತಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ರಾಮನಗರದ ಗೂಡಿನ ಮಾರುಕಟ್ಟೆಯನ್ನೂ ನೂಲು ತೆಗೆಯುವ ಒಂದು ಮನೆಯನ್ನೂ ತೋರಿಸಿದ್ದೆವು. ಅವಳು ಕೇಳಿದಳು: "ತಾತ, ನಮ್ಮ ಗೂಡಿನ ಒಳಗೂ ಹುಳು ಇರುತ್ತಲ್ಲ? ಅದನ್ನೂ ಹೀಗೇ ಬೇಯಿಸ್ತಾರಲ್ಲ?"

ನಮ್ಮ ಬಾಯಿಗೆ ಉತ್ತರ ಬರಲಿಲ್ಲ.

ಮಾಗಡಿ ತಾಲ್ಲೂಕಿನ ನಮ್ಮ ಊರಿನಲ್ಲಿ ಹಿಪ್ಪುನೇರಳೆ ನಾಟಿ ಮಾಡಿದವರು ನಮ್ಮ ತೀರ್ಥರೂಪರು. ಆ ಮೇಲೆ 30 ವರ್ಷ ಹುಳು ಸಾಕಿದವರು ನಾವು. ಮನೆ ಕಟ್ಟಿದ್ದು, ಮಗನನ್ನು ಇಂಜಿನಿಯರಿಂಗ್ ಓದಿಸಿದ್ದು, ಅವನು ಬಾಸ್ಟನ್ನಿಗೆ ಹೋದದ್ದು ಎಲ್ಲವೂ ಗೂಡಿನ ಹಣದಿಂದ. ಹುಳದ ಮನೆಗೆ ಕೈಕಾಲು ತೊಳೆಯದೆ ಕಾಲಿಡುತ್ತಿರಲಿಲ್ಲ. ನಾಲ್ಕು ಜ್ವರಗಳನ್ನು ಹುಳುಗಳು ದಾಟುವಾಗ ಮನೆಯವರು ರಾತ್ರಿ ಎದ್ದೆದ್ದು ನೋಡುತ್ತಿದ್ದರು. ನಾಲ್ಕನೆಯದು ಎದ್ದ ಮೇಲೆ ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದಂತೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡು ಗಟ್ಟಿಯಾದೊಡನೆ ಬಿಡಿಸಿ ರಾಮನಗರಕ್ಕೆ ಓಡಬೇಕು. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಎಳೆ ಕಡಿದುಹೋಗುತ್ತದೆ, ಬೆಲೆ ಸಿಗುವುದಿಲ್ಲ. ಗೂಡು ಕೊಂಡವರು ಒಳಗಿನ ಹುಳುವನ್ನು ಹಬೆಯಲ್ಲೋ ಬಿಸಿಗಾಳಿಯಲ್ಲೋ ಸಾಯಿಸಿ, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಅದು ಅವರ ಮನೆಯ ಕೆಲಸ, ನಮ್ಮದಲ್ಲವೆಂದು ಕೊಂಡಿದ್ದೆವು. ಲಾಟು ಹರಾಜಾಗಿ ಹಣ ಕೈಗೆ ಬಂದರೆ ನಮ್ಮ ಪಾಲು ಮುಗಿಯಿತು.

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆವು. ಒಂದು ಕಿಲೋ ಗೂಡಿನಲ್ಲಿ ಕಡಿಮೆಯೆಂದರೂ 500 ಹುಳು. ನೂರು ಮೊಟ್ಟೆಯ ಬೆಳೆಗೆ 60 ಕಿಲೋ ಎಂದರೆ 30,000. ವರ್ಷಕ್ಕೆ ಐದು ಬೆಳೆಯಂತೆ 30 ವರ್ಷ: 45 ಲಕ್ಷ. ಆ ಹಡಗಿನ ಭವನದವರೆಲ್ಲ ಆಯುಷ್ಯವಿಡೀ ತಿಂದರೂ ಅಷ್ಟು ಲಾಬ್‌ಸ್ಟರ್ ಆಗುವುದೋ ಇಲ್ಲವೋ! ಮನೆಯವರು ಎದ್ದು ಕುಳಿತು, "ನಾವು ಸಾಕಿದ್ದೇ ಹೊರತು ಕೊಂದಿಲ್ಲ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಬೇರೆ ಏನು ಬೆಳೆಯಬಹುದಾಗಿತ್ತು ಆ ಒಂದೂವರೆ ಎಕರೆಯಲ್ಲಿ? ರಾಗಿಯಿಂದ ಮಗ ಓದುತ್ತಿದ್ದನೆ?" ಎಂದು ನಮ್ಮನ್ನೇ ಕೇಳಿದರು. ಅದೂ ಸುಳ್ಳಲ್ಲ.

ಹೊಟ್ಟೆಗಾಗಿ ಕೊಲ್ಲುವುದು, ಬಟ್ಟೆಗಾಗಿ ಕೊಲ್ಲುವುದು ಒಂದೇ ಅಲ್ಲವೆಂದು ವಾದಿಸುವವರುಂಟು. ಹುಳಕ್ಕೆ ನೋವಿನ ಅರಿವಿಲ್ಲವೆನ್ನುವವರೂ ಉಂಟು. ಲಾಬ್‌ಸ್ಟರಿನ ವಿಷಯದಲ್ಲೂ ಬಹುಕಾಲ ಹಾಗೆಯೇ ಹೇಳುತ್ತಿದ್ದರಂತೆ. ಸ್ವಿಟ್ಜರ್ಲೆಂಡ್ 2018ರಲ್ಲಿ ಪ್ರಜ್ಞೆ ತಪ್ಪಿಸದೆ ಅದನ್ನು ಕುದಿಯುವ ನೀರಿಗೆ ಹಾಕಬಾರದೆಂದು ಕಾನೂನು ಮಾಡಿತು, ಬ್ರಿಟನ್ನಿನ 2022ರ ಕಾಯಿದೆ ಅದನ್ನು ಸಂವೇದನೆಯುಳ್ಳ ಜೀವಿಗಳ ಸಾಲಿಗೆ ಸೇರಿಸಿತು. ಚಿಟ್ಟೆ ಹೊರಬಂದ ಮೇಲೆ ನೂಲು ತೆಗೆಯುವ ಅಹಿಂಸಾ ರೇಷ್ಮೆಯೂ ಇದೆ. ಅದು ದುಬಾರಿ, ಹೊಳಪು ಕಡಿಮೆ. ಬಿತ್ತನೆ ಗೂಡಿನಲ್ಲಿ ಚಿಟ್ಟೆ ಹೊರಬರುತ್ತದೆಯಾದರೂ, ಮೊಟ್ಟೆಯಿಟ್ಟ ತಾಯಿಯನ್ನು ಅರೆದು, ಗಂಟುರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಕಡೆಯಿಂದಲೂ ದಾರಿ ಸುಲಭವಿಲ್ಲ.

ಊರಿಗೆ ಬಂದ ಮೇಲೆ ತಮ್ಮನಿಗೆ ಈ ಮಾತು ಹೇಳಿದೆವು. ತೋಟ ಈಗ ಅವನದು, ಅವನ ಮಕ್ಕಳು ಇನ್ನೂ ಓದುತ್ತಿದ್ದಾರೆ. "ಅಣ್ಣ, ನೀವು ದಡ ಸೇರಿದಿರಿ" ಎಂದಷ್ಟೇ ಹೇಳಿ ಸೊಪ್ಪು ಕೊಯ್ಯಲು ಹೋದ. ಬಸವಣ್ಣನವರು ದಯೆಯ ಬಗ್ಗೆ ಹೇಳಿದ ವಚನವನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಅವನೆದುರು ಮಾತ್ರ ನಾಲಗೆ ಏಳಲಿಲ್ಲ.

ಇಷ್ಟಲಿಂಗಕ್ಕೆ ಸುತ್ತುತ್ತಿದ್ದ ರೇಷ್ಮೆಯ ವಸ್ತ್ರವನ್ನು ತೆಗೆದಿಟ್ಟು ಹತ್ತಿಯದನ್ನು ಹೊಲಿಸಿಕೊಂಡಿದ್ದೇವೆ. ಮನೆಯವರು ಅದನ್ನು ನೋಡಿದರು, ಏನೂ ಹೇಳಲಿಲ್ಲ. ಮುಂದಿನ ತಿಂಗಳು ತಮ್ಮನ ಮಗಳ ಮದುವೆ. ಸೀರೆ ತರಲು ಎಲ್ಲರೂ ಹೋಗಿ ಬಂದಿದ್ದಾರೆ.