ಬದುವಿನ ಮೇಲೆ ನಡೆವ ಪಾದ

ಮದ್ದೂರಿನ ಸೀಮೆಯಲ್ಲಿ ಗದ್ದೆಗಿಳಿಯುವವರು ಬೂಟು ಮೆಟ್ಟುವುದುಂಟೆ? ಕಬ್ಬಿನ ಲಾರಿಗೆ ಸಿಕ್ಕಿ ಮೊಣಕಾಲಿನ ಕೆಳಗೆ ಬಲಗಾಲನ್ನು ಕಳೆದುಕೊಂಡ ನಮ್ಮ ಭಾವನವರಿಗೆ ಮೊದಲು ದೊರೆತುದು ಬೂಟಿನೊಳಗಿರತಕ್ಕ ಪಾದ. ಕೆಸರಿಗಿಳಿಯಲಾಗದು, ಪಂಕ್ತಿಯಲ್ಲಿ ಕುಳಿತು ಉಣ್ಣಲಾಗದು. ಮನೆಯ ಯಜಮಾನರು ಅತಿಥಿಯಂತೆ ಕುರ್ಚಿಯಲ್ಲಿರುವುದನ್ನು ನಾವು ನೋಡಲಾರದೆ ಹೋದೆವು.

ಬಳಿಕ ಅವರು ತೊಟ್ಟುದು ಜಯಪುರದ ಪಾದ. 1968ರಲ್ಲಿ ಡಾಕ್ಟರ್ ಪ್ರಮೋದ ಕರಣ ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಕೂಡಿ ನಿರ್ಮಿಸಿದ ಈ ರಬ್ಬರಿನ ಪಾದಕ್ಕೆ ಬೂಟು ಬೇಡ, ನೀರಿನ ಭಯವಿಲ್ಲ. ಹಲವು ಕಡೆಗೆ ಬಾಗುವುದರಿಂದ ಕುಕ್ಕರಗಾಲಿನಲ್ಲಿ ಕೂರಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ರೋಬೋಟುಗಳು ನಡಿಗೆ ಕಲಿಸುತ್ತವೆ. ಅವನ್ನು ಹಳಿಯೆವು, ಆದರೆ ಅವು ಬದುವಿಗೆ ಬಾರವು.

ಮೋಟುಗಾಲು ಕಾಲಕ್ರಮದಲ್ಲಿ ಸಣ್ಣಗಾಗಿ, ತೊಡುವ ಕವಚ ಸಡಿಲಗೊಂಡು ಹುಣ್ಣಾಗುವುದುಂಟು. ಪ್ರತಿರಾತ್ರಿ ಚರ್ಮವನ್ನು ನೋಡಿಕೊಳ್ಳಬೇಕು. ನಾಟಿಯ ದಿನಗಳಲ್ಲಿ ಭಾವನವರು ಇದನ್ನು ಮರೆಯುವರು, ಅಕ್ಕನವರು ಮರೆಯಗೊಡರು.