ಫ್ರೆಂಚ್ ಹಳ್ಳಿಮನೆಯ ಊಟದ ಮೇಜು

ಬೇರೆಯವರ ಮನೆಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಳ್ಳುವವಳನ್ನು ನಾವು ಏನೆಂದು ಕರೆಯುತ್ತೇವೆ? ಕೆಲಸದಾಕೆ. ಫ್ರಾನ್ಸಿನಲ್ಲಿ ಅಂಥವರಿಗೆ ‘ಓ ಪೇರ್’ ಎಂಬ ಹೆಸರಿದೆ, ಸರಿಸಮಾನ ಎಂದರ್ಥ. 18ರಿಂದ 30 ವರ್ಷದೊಳಗಿನ ವಿದೇಶಿ ಯುವಕ ಯುವತಿಯರು ಅಲ್ಲಿನ ಕುಟುಂಬದೊಂದಿಗಿದ್ದು, ಮಕ್ಕಳನ್ನು ನೋಡಿಕೊಳ್ಳುತ್ತಾ ಭಾಷೆ ಕಲಿಯುತ್ತಾರೆ. ವಾರಕ್ಕೆ 25 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಊಟ, ವಸತಿ, ಕೈಖರ್ಚು ಮನೆಯವರದು.

ಸಹೋದರಿಯರೇ, ನಿಮ್ಮ ಮಗಳು ಹೊರಟಿರುವುದು ಹಳ್ಳಿಮನೆಗಾದರೆ ಮೊದಲು ಬಸ್ಸಿನ ವಿಚಾರ ಕೇಳಿ. ಎಷ್ಟೋ ಹಳ್ಳಿಗಳಲ್ಲಿ ಕಾರಿಲ್ಲದೆ ಹೊರಡುವಂತಿಲ್ಲ. ಭಾಷಾ ತರಗತಿ ನಡೆಯುವುದು ಪಟ್ಟಣದಲ್ಲಿ. ಹೆಚ್ಚಿನ ಊರುಗಳಲ್ಲಿ ಬುಧವಾರ ಚಿಕ್ಕ ಮಕ್ಕಳಿಗೆ ಶಾಲೆಯಿಲ್ಲ. ಗಂಟೆಗಳ ಲೆಕ್ಕ ತಪ್ಪುವುದು ಅಂದೇ.

ಅಲ್ಲಿ ಊಟವೆಂದರೆ ಎಲ್ಲರೂ ಜೊತೆಗೆ ಕೂತು, ಮಾತನಾಡುತ್ತಾ, ಕೊನೆಗೆ ಚೀಸ್ ತಿಂದು ಏಳುವುದು. ಸಮಾನಳೆಂದ ಮೇಲೆ ಅವಳೂ ಅಲ್ಲೇ ಕೂರಬೇಕು. (ಕೆಲಸದಾಕೆಗೆ ಬೇರೆ ತಟ್ಟೆ ಇಡುವ ನಾವು ಇದನ್ನು ಗಮನಿಸಬೇಕು.) ಆದರೆ ಮಾಂಸದ ಅಡುಗೆಗೆ ವೈನ್ ಬಿದ್ದಿರಬಹುದು, ಮೊಟ್ಟೆಯ ತಿನಿಸಿನಲ್ಲಿ ಹಂದಿಮಾಂಸದ ಚೂರಿರಬಹುದು. ಸುಮ್ಮನೆ ತಟ್ಟೆ ಸರಿಸಿದರೆ ಅಡುಗೆ ರುಚಿಸಲಿಲ್ಲವೆಂದು ಮನೆಯಾಕೆ ನೊಂದುಕೊಂಡಾಳು. ಕರಾರಿಗೆ ಸಹಿ ಹಾಕುವ ಮೊದಲೇ ಬರೆದು ತಿಳಿಸಲಿ. ನಮಾಝಿನ ವಿಷಯವನ್ನೂ. ಪಶ್ಚಿಮ ಫ್ರಾನ್ಸಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದೇ ರಾತ್ರಿ 10ರ ಸುಮಾರಿಗೆ, ಇಶಾಕ್ಕೆ ನಡುರಾತ್ರಿಯಾದೀತು. ಆ ಹೊತ್ತಿನಲ್ಲಿ ಬಚ್ಚಲಿನಲ್ಲಿ ನೀರಿನ ಸದ್ದು ಯಾಕೆಂದು ಮನೆಯವರಿಗೆ ಗೊತ್ತಿರಲಿ.